ಹಳ್ಳದ ಹೊನ್ನು ಮತ್ತು ಜಾಲಗಾರರು

ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಒಂದು ಸಾಧಾರಣ ಹಳ್ಳಿ. ಅದರ ಹೆಸರು ದೂರದ ಊರಿನವರ ಕಿವಿಗೂ ಬಿದ್ದಿದ್ದರೆ ಅದಕ್ಕೆ ಕಾರಣ ಅಲ್ಲಿಯ ಕಲ್ಲೇಶ್ವರ ದೇವಾಲಯ. ಕ್ರಿ.ಶ. ೯೮೭ರಲ್ಲಿ, ಕಲ್ಯಾಣ ಚಾಲುಕ್ಯರ ಎರಡನೆಯ ತೈಲಪನ ಆಳ್ವಿಕೆಯಲ್ಲಿ, ದುಗ್ಗಿಮಯ್ಯನೆಂಬವನು ಅದನ್ನು ಕಟ್ಟಿಸಿದನೆಂದು ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ಐವತ್ತರಷ್ಟು ಕಂಬಗಳ ಅದರ ಸಭಾಮಂಟಪದಲ್ಲಿ ನಿಂತವರು ಆ ಕಂಬಗಳ ನುಣುಪನ್ನು ಕೈಯಿಂದ ಸವರಿ ನೋಡದೆ ಹಿಂದಿರುಗುವುದಿಲ್ಲ. ಬಾಗಳಿಯಲ್ಲಿ ದೊರೆತ ಶಾಸನಗಳು ಹಲವು. ಆ ಕಾಲದ ನಮ್ಮ ನಾಡಿನ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ, ಅಂಗಭೋಗಕ್ಕೆ, ವಿದ್ಯಾರ್ಥಿಗಳ ಊಟಕ್ಕೆ ಬಿಟ್ಟ ಭೂಮಿಯ ಲೆಕ್ಕವಿರುತ್ತದೆ. ಅದರ ಜೊತೆಯಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕವೂ ಇರುತ್ತದೆ. ಕೊಟ್ಟವನ ಹೆಸರುಂಟು, ಪಡೆದವನ ಹೆಸರುಂಟು, ಬರೆದವನ ಹೆಸರುಂಟು, ಕೆಲವು ಕಡೆ ಕಲ್ಲು ಕಡೆದವನ ಹೆಸರೂ ಉಂಟು. ಆದರೆ ಆ ಗದ್ಯಾಣದ ಹೊನ್ನು ಯಾವ ಮಣ್ಣಿನಿಂದ ಬಂತು, ಅದನ್ನು ಮಣ್ಣಿನಿಂದ ಬಿಡಿಸಿದ ಕೈ ಯಾರದು ಎಂಬ ಮಾತು ಮಾತ್ರ ಕಲ್ಲಿನ ಮೇಲೆ ಕಾಣುವುದಿಲ್ಲ.

ಈ ಪ್ರಶ್ನೆಯನ್ನು ಬಾಗಳಿಯ ಅಂಗಳದಲ್ಲೇ ಕೇಳುವುದಕ್ಕೆ ಒಂದು ಕಾರಣವಿದೆ. ಹರಪನಹಳ್ಳಿ ಸೀಮೆ ಈಗ, ೨೦೨೧ರಿಂದೀಚೆಗೆ, ವಿಜಯನಗರ ಜಿಲ್ಲೆಗೆ ಸೇರಿದೆ. ಒಂದು ಶತಮಾನಕ್ಕೂ ಹಿಂದೆ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಆ ಕಾಲದಲ್ಲಿ, ಒಂದು ವರ್ಷದ ಅಂತರದಲ್ಲಿ, ಈ ಜಿಲ್ಲೆಯನ್ನು ಕುರಿತ ಎರಡು ಗ್ರಂಥಗಳು ಹೊರಬಂದವು. ೧೮೯೫ರಲ್ಲಿ ಪ್ರಕಟವಾದದ್ದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತು ಬರೆದ ಸಂಪುಟ. ೧೮೯೬ರಲ್ಲಿ ಪ್ರಕಟವಾದದ್ದು ಪ್ರಾಚ್ಯವಸ್ತು ಇಲಾಖೆಯ ಅಲೆಕ್ಸಾಂಡರ್ ರೀ ಅವರು ಬಾಗಳಿ, ಹೂವಿನಹಡಗಲಿ, ಕುರುವತ್ತಿ, ನೀಲಗುಂದ ಮುಂತಾದ ಊರುಗಳ ಚಾಲುಕ್ಯ ದೇವಾಲಯಗಳನ್ನು ಅಳೆದು, ಚಿತ್ರಿಸಿ, ವರ್ಣಿಸಿದ ಗ್ರಂಥ. ಒಬ್ಬರು ಕಲ್ಲಿನ ಮೇಲಿನ ಕೆತ್ತನೆಯನ್ನು ನೋಡಿದರು, ಇನ್ನೊಬ್ಬರು ಕಲ್ಲಿನ ಹುಟ್ಟನ್ನು ನೋಡಿದರು. ರೀ ಅವರ ಪುಸ್ತಕ ದೇವಾಲಯಗಳಿಗೆ ವಿದ್ವಾಂಸರ ಲೋಕದಲ್ಲಿ ಒಂದು ಸ್ಥಾನವನ್ನು ಕೊಟ್ಟಿತು. ಇಂದು ಬಾಗಳಿಯನ್ನು ಕಾಣಬೇಕೆಂದು ಹೊರಟವನಿಗೆ ದಾರಿ ತೋರುವವರು ಸಿಗುತ್ತಾರೆ. ಫೂಟರ ಪುಸ್ತಕದಲ್ಲಿ ಒಂದು ಮೂಲೆಯಲ್ಲಿ ಇದೇ ತಾಲ್ಲೂಕಿನ ಚಿಗಟೇರಿಯ ಬಳಿಯ ಕೊಂಗನಹೊಸೂರಿನ ಹಳ್ಳದ ಮಾತು ಬರುತ್ತದೆ. ಆ ಹಳ್ಳದ ಮರಳನ್ನು ತೊಳೆದರೆ ಚಿನ್ನದ ಕಣಗಳು ಸಿಗುತ್ತಿದ್ದವು. ಆ ಮಾತನ್ನು ಹಿಡಿದು ಕೊಂಗನಹೊಸೂರಿಗೆ ಯಾರೂ ಯಾತ್ರೆ ಹೋಗುವುದಿಲ್ಲ.

ಹಳ್ಳಕ್ಕೆ ಚಿನ್ನ ಬರುವ ಬಗೆ ಹೇಗೆ? ಧಾರವಾಡ, ಗದಗ ಸೀಮೆಯಿಂದ ಹೊರಟು, ಡಂಬಳದ ಬಳಿಯ ಕಪ್ಪತಗುಡ್ಡವಾಗಿ ಎದ್ದು, ತುಂಗಭದ್ರೆಯನ್ನು ದಾಟಿ, ಹಡಗಲಿ ಹರಪನಹಳ್ಳಿ ತಾಲ್ಲೂಕುಗಳನ್ನು ಹಾದು, ಚಿತ್ರದುರ್ಗದ ಮೂಲಕ ಚಿಕ್ಕನಾಯಕನಹಳ್ಳಿಯ ಕಡೆಗೆ ಸಾಗುವ ಒಂದು ಶಿಲಾಪಟ್ಟಿಯುಂಟು. ಕಪ್ಪು ಹಸಿರು ಬಣ್ಣದ, ಪದರಪದರವಾದ ಈ ಶಿಲೆಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹೆಚ್ಚು. ಅವುಗಳ ಬಿರುಕುಗಳಲ್ಲಿ ಬೆಣಚುಕಲ್ಲಿನ ಎಳೆಗಳು ಓಡುತ್ತವೆ; ಆ ಎಳೆಗಳಲ್ಲಿ ಕೆಲವಕ್ಕೆ ಮಾತ್ರ ಚಿನ್ನದ ಯೋಗ. ಬಿಸಿಲು, ಮಳೆ, ಗಾಳಿಗಳು ಯುಗಯುಗಾಂತರದಿಂದ ಬೆಟ್ಟವನ್ನು ಸವೆಸಿದಾಗ ಕಲ್ಲು ಪುಡಿಯಾಗಿ ಹಳ್ಳಕ್ಕಿಳಿಯುತ್ತದೆ, ಅದರೊಡನೆ ಹೊನ್ನಿನ ಕಣವೂ ಇಳಿಯುತ್ತದೆ. ಬೆಣಚಿನ ಮರಳು ನೀರಿಗಿಂತ ಎರಡೂವರೆ ಪಟ್ಟಿಗೆ ತುಸು ಮೇಲ್ಪಟ್ಟು ಭಾರ. ಶುದ್ಧ ಚಿನ್ನ ಹತ್ತೊಂಬತ್ತು ಪಟ್ಟಿಗೂ ಮೇಲೆ. ಆದ್ದರಿಂದ ಪ್ರವಾಹ ಮರಳನ್ನು ಹೊತ್ತು ಮುಂದೆ ಹೋದರೂ ಚಿನ್ನವನ್ನು ತಿರುವಿನಲ್ಲಿ, ಬಂಡೆಯ ಸಂದಿನಲ್ಲಿ, ತಳದ ಜಲ್ಲಿಯಲ್ಲಿ ಬಿಟ್ಟು ಹೋಗುತ್ತದೆ. ಬಾಗಳಿಯ ಕಡೆಯ ಶಿಲ್ಪಿಗಳು ನಯವಾದ ಕೆತ್ತನೆಗೆ ಬಳಸಿದ ಬಳಪದ ಕಲ್ಲೂ ಇಂಥದೇ ಶಿಲಾಸಮೂಹದ ಕೂಸು. ಕಂಬವೂ ಗದ್ಯಾಣವೂ ಬಂಧುಗಳೆಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು.

ಈ ಹಳ್ಳಗಳನ್ನು ನಂಬಿ ಬದುಕಿದವರು ಜಾಲಗಾರರು. ಡಂಬಳ, ಸೊರಟೂರು, ದೋಣಿಗಳ ಸುತ್ತಮುತ್ತ ಮತ್ತು ಈ ಸೀಮೆಯಲ್ಲೆಲ್ಲ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದವರನ್ನು ಹತ್ತೊಂಬತ್ತನೆಯ ಶತಮಾನದ ಕಡತಗಳು ಈ ಹೆಸರಿನಿಂದಲೇ ಕರೆಯುತ್ತವೆ. ಹೆಸರು ನಮಗೆ ಅಪರಿಚಿತವೇನಲ್ಲ. ಅಕ್ಕಿಯನ್ನು ನೀರಿನಲ್ಲಿ ಸುತ್ತಾಡಿಸಿ, ಹಗುರವಾದದ್ದನ್ನು ಆಚೆ ಹರಿಸಿ, ಭಾರವಾದ ಕಲ್ಲನ್ನು ತಳದಲ್ಲಿ ಉಳಿಸುವ ಕ್ರಿಯೆಗೆ ನಮ್ಮ ಮನೆಗಳಲ್ಲಿ ಜಾಲಿಸುವುದು ಎನ್ನುತ್ತಾರೆ. ಅಡುಗೆಮನೆಯಲ್ಲಿ ಹಗುರವಾದ ಅಕ್ಕಿ ನಮ್ಮದು, ಕಲ್ಲು ಕಸ. ಹಳ್ಳದಲ್ಲಿ ಹಗುರವಾದ ಮರಳು ಕಸ, ತಳದಲ್ಲಿ ಉಳಿದದ್ದು ಸಂಪತ್ತು. ಕೈಯ ಚಳಕ ಒಂದೇ.

ಅವರ ಕೆಲಸ ಮಳೆಗಾಲದ ನೆರೆ ಇಳಿದ ಮೇಲೆ ತೊಡಗುತ್ತಿತ್ತು. ಹೊಸ ನೀರು ಹಳೆಯ ದಡವನ್ನು ಕೊರೆದು ಹೊಸ ಮರಳನ್ನು ತಂದು ಹಾಕಿರುತ್ತದೆ. ಎಲ್ಲಿ ಅಗೆಯಬೇಕೆಂಬುದೇ ಮೊದಲ ವಿದ್ಯೆ. ಹಳ್ಳದ ಒಳತಿರುವು, ಅಡ್ಡಬಂಡೆಯ ಹಿಂಬದಿ, ಎರಡು ಸರುವುಗಳು ಕೂಡುವ ಜಾಗ: ಇವನ್ನು ನೋಡಿ, ಒಂದು ಹಿಡಿ ಮಣ್ಣನ್ನು ತೊಳೆದು ಪರೀಕ್ಷಿಸಿ, ಕಪ್ಪು ಮರಳು ಕಾಣಿಸಿದರೆ ಅಲ್ಲಿ ನಿಲ್ಲುತ್ತಿದ್ದರು. ಕಪ್ಪು ಮರಳೆಂದರೆ ಕಬ್ಬಿಣದ ಅದಿರಿನ ಕಣ. ಅದೂ ಭಾರವಾದದ್ದು, ಚಿನ್ನದ ನೆರೆಮನೆಯದು. ಅನಂತರ ಬುಟ್ಟಿಗಟ್ಟಲೆ ಮಣ್ಣನ್ನು ಮರದ ತೊಟ್ಟಿಗೆ ಸುರಿದು, ನೀರು ಹಾಯಿಸಿ, ಕೈಯಿಂದ ಕಲಕಿ ಕಲಕಿ ಕೆಸರನ್ನು ಕಳೆಯಬೇಕು. ಉಳಿದದ್ದನ್ನು ತೋಡಿದ ಹಲಗೆಯ ಮೇಲಿಟ್ಟು, ಮತ್ತೆ ನೀರಿನಲ್ಲಿ ತೂಗಿ ತೂಗಿ, ಕೊನೆಗೆ ಕಪ್ಪು ಮರಳಿನ ಅಂಚಿನಲ್ಲಿ ಒಂದು ಹಳದಿ ಗೆರೆ ಮಿನುಗುವವರೆಗೆ ಬಿಡಬಾರದು. ಕೆಲವು ಕಡೆ ಪಾದರಸವನ್ನು ಬೆರೆಸಿ ಆ ಕಣಗಳನ್ನು ಒಂದುಗೂಡಿಸಿ, ಕೆಂಡದ ಮೇಲೆ ಪಾದರಸವನ್ನು ಹಾರಿಸುತ್ತಿದ್ದರು. ದಿನವೆಲ್ಲ ಬಗ್ಗಿ ದುಡಿದರೆ ಸಿಗುತ್ತಿದ್ದದ್ದು ಗುಲಗಂಜಿಯ ಲೆಕ್ಕದಲ್ಲಿ ತೂಗುವಷ್ಟು. ಅದೃಷ್ಟವನ್ನು ಅರಸಿದವರ ಕಥೆ ಇದಾಗಿರಲಿಲ್ಲ. ಬಡವರ ಕೂಲಿಯ ಕಥೆಯಾಗಿತ್ತು.

ಆದರೆ ಈ ಕೂಲಿಯಲ್ಲಿ ಒಂದು ಶಾಸ್ತ್ರವಿತ್ತು. ಹಳ್ಳದ ಕೆಳಗಿನಿಂದ ಮೇಲಕ್ಕೆ ಮಣ್ಣನ್ನು ತೊಳೆಯುತ್ತ ಹೋದರೆ, ಕಣಗಳು ಎಲ್ಲಿಯವರೆಗೆ ಸಿಗುತ್ತವೆ, ಎಲ್ಲಿ ದಪ್ಪವಾಗುತ್ತವೆ, ಎಲ್ಲಿ ಥಟ್ಟನೆ ನಿಲ್ಲುತ್ತವೆ ಎಂಬುದು ತಿಳಿಯುತ್ತದೆ. ನಿಂತ ಜಾಗದ ಎಡಬಲದಲ್ಲೆಲ್ಲೋ ತಾಯಿಕಲ್ಲು ಇರಲೇಬೇಕು. ಇಂದಿನ ಭೂವಿಜ್ಞಾನಿಯೂ ಚಿನ್ನವನ್ನು ಹುಡುಕಲು ಹೊರಟಾಗ ಹಳ್ಳಗಳ ಮರಳನ್ನು ತಟ್ಟೆಯಲ್ಲಿ ತೊಳೆದು, ಕಣಗಳನ್ನು ಎಣಿಸಿ, ನಕ್ಷೆಯ ಮೇಲೆ ಗುರುತಿಸುತ್ತಾನೆ. ಪ್ರಯೋಗಶಾಲೆ ಹೊಸದು, ಉಪಕರಣಗಳು ಹೊಸವು, ತರ್ಕ ಜಾಲಗಾರನದೇ.

ನಮ್ಮ ನಾಡಿನ ಚಿನ್ನದ ಚರಿತ್ರೆಯ ದೊಡ್ಡ ಹೆಸರುಗಳ ಹಿಂದೆಲ್ಲ ಈ ತರ್ಕ ನಿಂತಿದೆ. ಕೋಲಾರದ ಕಥೆಯನ್ನೇ ನೋಡಿ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ೧೮೦೨ರಲ್ಲಿ ಈ ಸೀಮೆಯ ಹೊನ್ನಿನ ಸುದ್ದಿಯನ್ನು ಕೇಳಿ, ತೋರಿಸಿದವರಿಗೆ ಬಹುಮಾನವನ್ನು ಸಾರಿದ. ಊರಿಗಾಂ ಹಳ್ಳಿಯ ಜನ ತೋರಿಸಿದರು. ಅಲ್ಲಿ ಹೆಂಗಸರು ಸಣ್ಣ ಪೊರಕೆಯಿಂದ ಹಳ್ಳದ ಮಣ್ಣನ್ನು ಗುಡಿಸಿ, ಮೊರಕ್ಕೆ ತುಂಬಿ, ತೋಡಿದ ಹಲಗೆಯ ಮೇಲೆ ತೊಳೆಯುವುದನ್ನು ಅವನು ವರ್ಣಿಸಿದ್ದಾನೆ. ಪೊರಕೆ, ಮೊರ, ಹಲಗೆ: ಒಂದು ಹಿತ್ತಿಲಿನಲ್ಲಿ ಸಿಗುವ ಸಾಮಾನುಗಳು. ಮಾರಿಕುಪ್ಪದ ಬಳಿಯಲ್ಲಂತೂ ಅಸ್ಪೃಶ್ಯರೆನಿಸಿಕೊಂಡ ಜನ ಮೂವತ್ತು, ನಲವತ್ತೈದು ಅಡಿ ಆಳದ ಗುಂಡಿಗಳಿಗೆ ಇಳಿದು ಕಲ್ಲನ್ನು ಕೈಯಿಂದ ಕೈಗೆ ದಾಟಿಸಿ ಮೇಲೆ ತರುತ್ತಿದ್ದರು. ಅವರಿಗೆ ಮಣ್ಣಿನ ಗುಟ್ಟು ತಿಳಿದಿತ್ತು, ಬರೆಯಲು ಬರುತ್ತಿರಲಿಲ್ಲ. ಬರೆಯಲು ಬರುತ್ತಿದ್ದವನ ವರದಿ ಉಳಿಯಿತು. ಎಪ್ಪತ್ತು ವರ್ಷಗಳ ಮೇಲೆ ನಿವೃತ್ತ ಸೈನಿಕ ಮೈಕೇಲ್ ಲವೆಲ್ ಆ ಹಳೆಯ ವರದಿಯನ್ನೋದಿ, ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಬಂದು ಹುಡುಕಿ, ೧೮೭೩ರಲ್ಲಿ ಮೈಸೂರು ಸರ್ಕಾರದಿಂದ ಅನುಮತಿಯನ್ನು ಪಡೆದ. ಅವನಿಂದ ಕಂಪನಿಗಳಿಗೆ, ಕಂಪನಿಗಳಿಂದ ೧೮೮೦ರಲ್ಲಿ ಜಾನ್ ಟೇಲರ್ ಸಂಸ್ಥೆಗೆ ಆ ನೆಲ ಕೈ ದಾಟಿತು. ಮುಂದಿನದು ಎಲ್ಲರೂ ಬಲ್ಲ ಕಥೆ: ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು, ಗಣಿ ಮೂರು ಸಾವಿರ ಮೀಟರಿಗೂ ಮೀರಿ ಆಳಕ್ಕಿಳಿಯಿತು, ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ ಚಿನ್ನ ಮೇಲೆ ಬಂತು, ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ವಾರೆನ್, ಲವೆಲ್, ಟೇಲರ್ ಎಂಬ ಹೆಸರುಗಳು ಪುಸ್ತಕಗಳಲ್ಲಿವೆ. ಪೊರಕೆ ಹಿಡಿದಿದ್ದ ಊರಿಗಾಂವಿನ ಒಬ್ಬ ಹೆಂಗಸಿನ ಹೆಸರಾದರೂ ಇಲ್ಲ.

ಬ್ರೂಸ್ ಫೂಟರ ಕಥೆಯೂ ಹೀಗೆಯೇ ಆರಂಭವಾಗುತ್ತದೆ, ಆದರೆ ಅದರ ಫಲ ಬೇರೆ. ೧೮೭೪ರಲ್ಲಿ ಅವರು ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಸೊರಟೂರಿನ ಹಳ್ಳದಲ್ಲಿ ಜಾಲಗಾರರಿಂದ ಮಣ್ಣನ್ನು ತೊಳೆಯಿಸಿ, ಸಿಕ್ಕಿದ್ದನ್ನು ತೂಗಿ ನೋಡಿದರು. ದೊಡ್ಡ ಬಂಡವಾಳಕ್ಕೆ ಆಸೆ ಹುಟ್ಟಿಸುವಷ್ಟು ಚಿನ್ನವೇನೂ ಅಲ್ಲಿರಲಿಲ್ಲ. ಆದರೆ ಫೂಟರ ಕಣ್ಣು ತೂಕಕ್ಕಿಂತ ಆಚೆ ಹೋಯಿತು. ಚಿನ್ನ ಸಿಗುವ ಹಳ್ಳಗಳು ಒಂದು ಬಗೆಯ ಶಿಲೆಗಳ ಮೇಲೆ ಹರಿಯುತ್ತವೆ, ಸಿಗದ ಹಳ್ಳಗಳು ಬೇರೆ ಶಿಲೆಗಳ ಮೇಲೆ ಹರಿಯುತ್ತವೆ ಎಂಬುದನ್ನು ಅವರು ಗಮನಿಸಿದರು. ಮುಂದೆ ಹದಿನಾಲ್ಕು ವರ್ಷ ದಕ್ಷಿಣದ ಸೀಮೆಗಳನ್ನು ಸುತ್ತಿ, ೧೮೮೮ರಲ್ಲಿ ಆ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನಿಟ್ಟು, ದಕ್ಷಿಣ ಭಾರತದ ಹೊನ್ನಿನ ಮುಖ್ಯ ಶಿಲಾವರ್ಗ ಇದೇ ಎಂದು ಸಾರಿದರು. ಇಂದು ಜಗತ್ತಿನ ಯಾವ ದೇಶದ ಭೂವಿಜ್ಞಾನಿಗೂ ಧಾರವಾಡವೆಂಬ ಶಬ್ದ ಪರಿಚಿತ. ನಮ್ಮಲ್ಲಿ ಧಾರವಾಡವೆಂದರೆ ಸಂಗೀತ ಮತ್ತು ಸಾಹಿತ್ಯ. ಅವರಿಗೆ ಅದು ಭೂಮಿಯ ಅತ್ಯಂತ ಹಳೆಯ ಪುಟಗಳಲ್ಲಿ ಒಂದು. ಆ ಪುಟವನ್ನು ಫೂಟರಿಗೆ ಮೊದಲು ತೆರೆದು ತೋರಿಸಿದವರು ಸೊರಟೂರಿನ ಹಳ್ಳದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವರು.

ಈ ವಿದ್ಯೆಯ ಹಳಮೆ ಎಷ್ಟೆಂಬುದನ್ನು ರಾಯಚೂರು ಸೀಮೆ ಹೇಳುತ್ತದೆ. ಹಟ್ಟಿಯಲ್ಲಿ ಆಧುನಿಕರು ಗಣಿ ತೋಡಲು ಹೋದಾಗ ೬೪೦ ಅಡಿಗಳ ಆಳದವರೆಗೆ ಪೂರ್ವಿಕರು ಆಗಲೇ ಹೋಗಿ ಬಂದಿದ್ದ ಕುರುಹುಗಳು ಕಂಡವು. ಅವರು ಆಸರೆಗಿಟ್ಟ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷಗಳ ಹಿಂದಿನವೆಂದು ಪರೀಕ್ಷೆಗಳಿಂದ ತಿಳಿಯಿತು. ಅದರ ನೆರೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಹೊನ್ನನ್ನು ಹುಡುಕುತ್ತ ಗುಡ್ಡಗಳನ್ನು ತಿರುಗುತ್ತಿದ್ದಾಗ ಅವನ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಬರಹ: ಅಶೋಕನ ಹೆಸರನ್ನೇ ಹೇಳುವ ಶಾಸನ. ಮೌರ್ಯ ಚಕ್ರವರ್ತಿ ಇಷ್ಟು ದೂರದ ದಕ್ಷಿಣದಲ್ಲಿ ಶಾಸನವನ್ನು ಬರೆಯಿಸಿದ್ದಕ್ಕೂ ಈ ನೆಲದ ಹೊನ್ನಿಗೂ ಸಂಬಂಧವಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಚಾಲುಕ್ಯರ ಕಾಲದ ಲೊಕ್ಕಿಗುಂಡಿಗೆ, ಎಂದರೆ ಇಂದಿನ ಲಕ್ಕುಂಡಿಗೆ, ತನ್ನದೇ ಟಂಕಸಾಲೆಯಿತ್ತು. ಲೊಕ್ಕಿಗದ್ಯಾಣವೆಂಬ ಮಾತು ಶಾಸನಗಳಲ್ಲಿ ಬರುತ್ತದೆ. ಕಪ್ಪತಗುಡ್ಡ ಅಲ್ಲಿಂದ ದೂರವಿಲ್ಲ. ಅಲ್ಲಿಯ ನಾಣ್ಯಗಳ ಹೊನ್ನೆಲ್ಲ ಆ ಗುಡ್ಡದ್ದೇ ಎಂದು ಸಾಧಿಸುವುದು ಸಾಧ್ಯವಿಲ್ಲ. ಅದರಲ್ಲಿ ಒಂದು ಪಾಲಾದರೂ ಹಳ್ಳ ತೊಳೆದವರ ಕೈಯಿಂದ ಬಂದಿರಬಹುದೆಂದು ಭಾವಿಸುವುದು ಅಸಂಗತವಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋಲಾರದ ಲಾಭವನ್ನು ಕಂಡ ಬಂಡವಾಳಗಾರರು ಕಪ್ಪತಗುಡ್ಡಕ್ಕೂ ಬಂದರು. ಕಬಲಾಯತಕಟ್ಟಿಯ ಬಳಿ ಬಾವಿಗಳನ್ನು ತೋಡಿದರು, ಯಂತ್ರಗಳನ್ನು ತಂದರು. ಪಾಲುಗಳು ಬಿಕರಿಯಾದಷ್ಟು ವೇಗವಾಗಿ ಚಿನ್ನ ಮೇಲೆ ಬರಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಆ ಉತ್ಸಾಹ ಅಡಗಿತ್ತು. ಯಂತ್ರಕ್ಕೆ ಸಾಲದ ಚಿನ್ನ ಒಂದು ಮರದ ಹಲಗೆಗೆ ಸಾಕಾಗುತ್ತಿತ್ತು. ಆದರೆ ಅಷ್ಟರಲ್ಲಿ ಹಲಗೆ ಹಿಡಿಯುವವರೂ ಕಡಿಮೆಯಾಗಿದ್ದರು. ರೈಲುದಾರಿ, ಹತ್ತಿಯ ಗಿರಣಿ, ದೊಡ್ಡ ಗಣಿಗಳು ದಿನದ ಕೂಲಿಯನ್ನು ಖಚಿತವಾಗಿ ಕೊಡುವಾಗ, ಹಳ್ಳದ ಅನಿಶ್ಚಿತ ಗುಲಗಂಜಿಗಾಗಿ ಬೆನ್ನು ಬಗ್ಗಿಸುವವರು ಯಾರು?

ಇಲ್ಲಿ ಒಂದು ಶಬ್ದದ ವಿಷಯ ಹೇಳಬೇಕು. ಸಾಹಿತ್ಯದ ಓದುಗರಿಗೆ ‘ಜಲಗಾರ’ ಎಂದೊಡನೆ ನೆನಪಾಗುವುದು ೧೯೨೮ರ ಕುವೆಂಪು ಅವರ ನಾಟಕ. ಅದರ ನಾಯಕ ಬೀದಿ ಗುಡಿಸುವವನು. ದೇವಾಲಯಕ್ಕೆ ಹೋಗಲಾಗದ ಅವನ ಮುಂದೆ ಶಿವನೇ ಜಗದ ಜಲಗಾರನಾಗಿ ಬಂದು ನಿಲ್ಲುತ್ತಾನೆ. ಹೊನ್ನು ತೊಳೆಯುವ ಜಾಲಗಾರನಿಗೂ ಬೀದಿ ಗುಡಿಸುವ ಜಲಗಾರನಿಗೂ ಏನು ನಂಟು? ಪದಗಳ ಹುಟ್ಟನ್ನು ನಿರ್ಣಯಿಸುವುದು ಪಂಡಿತರ ಕೆಲಸ. ಆದರೆ ಬದುಕಿನ ನಂಟು ಕಣ್ಣಿಗೆ ಕಾಣುವಂತಿದೆ. ಅಕ್ಕಸಾಲಿಗನ ಅಂಗಡಿಯ ಕಸವನ್ನೂ, ಚಿನಿವಾರಕಟ್ಟೆಯ ಮುಂದಿನ ಚರಂಡಿಯ ಮಣ್ಣನ್ನೂ ಗುಡಿಸಿ ಒಯ್ದು ತೊಳೆದು ಹೊನ್ನಿನ ಚೂರನ್ನು ಹೆಕ್ಕುವವರು ನಮ್ಮ ಪೇಟೆಗಳಲ್ಲಿ ಬಹುಕಾಲ ಇದ್ದರು. ಹಳ್ಳದ ಮರಳನ್ನು ಗುಡಿಸುವ ಕೈ, ಅಂಗಡಿಯ ಧೂಳನ್ನು ಗುಡಿಸುವ ಕೈ, ಬೀದಿಯ ಕಸವನ್ನು ಗುಡಿಸುವ ಕೈ: ಮೂರಕ್ಕೂ ಸಾಧನ ಒಂದೇ ಪೊರಕೆ, ಸಮಾಜ ಮೂರಕ್ಕೂ ಕೊಟ್ಟ ಸ್ಥಾನವೂ ಒಂದೇ. ಹೊನ್ನನ್ನು ದೇವರ ತಲೆಯ ಮೇಲೇರಿಸಿದ ನಾವು ಹೊನ್ನನ್ನು ಹೆಕ್ಕಿದವನನ್ನು ದೇವಾಲಯದ ಹೊರಗೆ ನಿಲ್ಲಿಸಿದೆವು.

ಇಂದಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಬಹುದು. ಚಿನ್ನ ದೊಡ್ಡ ಖನಿಜಗಳ ಪಟ್ಟಿಯಲ್ಲಿದೆ. ೧೯೫೭ರ ಗಣಿ ಮತ್ತು ಖನಿಜಗಳ ಕಾಯಿದೆಯೂ, ಹರಾಜಿನ ಪದ್ಧತಿಯನ್ನು ತಂದ ೨೦೧೫ರ ತಿದ್ದುಪಡಿಯೂ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಮೊರ ಹಿಡಿದ ಒಬ್ಬ ಹೆಂಗಸಿಗೆ ಆ ಭಾಷೆಯಲ್ಲಿ ಹೆಸರಿಲ್ಲ. ಕರ್ನಾಟಕದ ಚಿನ್ನವೆಂದರೆ ಇಂದು ಮುಖ್ಯವಾಗಿ ಹಟ್ಟಿಯ ಆಳದ ಗಣಿ. ಕಪ್ಪತಗುಡ್ಡದ ಹೊನ್ನಿನ ಮೇಲೆ ಮತ್ತೆ ಕಣ್ಣು ಬಿದ್ದಾಗ ಅಲ್ಲಿಯ ಜನ, ಮಠಾಧೀಶರು, ಪರಿಸರಪ್ರಿಯರು ಒಟ್ಟಾಗಿ ಎದ್ದರು. ೨೦೧೯ರಲ್ಲಿ ಆ ಗುಡ್ಡ ವನ್ಯಜೀವಿಧಾಮವಾಯಿತು. ಔಷಧಿಯ ಗಿಡಗಳಿಗೆ ಹೆಸರಾದ ಗುಡ್ಡ ಉಳಿದದ್ದು ಸಂತೋಷವೇ.

ಹಳೆಯ ಕಸುಬನ್ನು ಹಾಗೆಯೇ ಮರಳಿ ತರಬೇಕೆಂದು ನಾನು ವಾದಿಸುತ್ತಿಲ್ಲ. ಆಫ್ರಿಕ, ದಕ್ಷಿಣ ಅಮೆರಿಕ, ಆಗ್ನೇಯ ಏಷ್ಯಗಳಲ್ಲಿ ಇಂದಿಗೂ ಕೋಟಿಯಷ್ಟು ಜನ ಕೈಯಿಂದಲೇ ಹೊನ್ನು ತೆಗೆಯುತ್ತಾರೆ. ಅವರು ಸುಡುವ ಪಾದರಸ ಅವರ ಮಕ್ಕಳ ನರಗಳನ್ನೂ ನದಿಗಳ ಮೀನುಗಳನ್ನೂ ವಿಷಮಯ ಮಾಡಿದೆ. ಅದನ್ನು ತಡೆಯಲೆಂದು ೨೦೧೩ರಲ್ಲಿ ಮಿನಮಾಟದ ಹೆಸರಿನಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವೇ ಆಯಿತು. ಭಾರತವೂ ೨೦೧೮ರಲ್ಲಿ ಅದನ್ನು ಅಂಗೀಕರಿಸಿತು. ನಮ್ಮ ಜಾಲಗಾರರ ಮೊಮ್ಮಕ್ಕಳು ಆ ಕೆಂಡದ ಮುಂದೆ ಕುಳಿತಿಲ್ಲವೆಂಬುದು ನೆಮ್ಮದಿಯ ವಿಷಯ. ಕಸುಬು ಹೋದದ್ದಕ್ಕೆ ಅಳಬೇಕಾಗಿಲ್ಲ. ಆದರೆ ಕಸುಬಿನವರನ್ನು ಚರಿತ್ರೆಯಿಂದಲೂ ಕಳೆದುಬಿಟ್ಟದ್ದು ನಮ್ಮ ತಪ್ಪು. ಹೊನ್ನಿನ ಚರಿತ್ರೆಯನ್ನು ನಾವು ಅರಸನ ಬೊಕ್ಕಸದಿಂದಲೋ ಕಂಪನಿಯ ಲೆಕ್ಕಪುಸ್ತಕದಿಂದಲೋ ಆರಂಭಿಸುತ್ತೇವೆ. ಜಾಲಗಾರನು ಹಳ್ಳವನ್ನು ಓದಿದಂತೆ ಅದನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಮಾತ್ರ ಅದರ ತಾಯಿಕಲ್ಲು ಸಿಕ್ಕೀತು. ಊರೂರಿನ ಹಳೆಯ ಹಳ್ಳಗಳ ಹೆಸರು, ಹಿರಿಯರ ಬಾಯಲ್ಲಿ ಉಳಿದ ಕಸುಬಿನ ಮಾತು, ಅಟ್ಟದ ಮೇಲೆ ಬಿದ್ದಿರಬಹುದಾದ ಒಂದು ತೋಡಿದ ಹಲಗೆ: ಇವನ್ನು ಸಂಗ್ರಹಿಸುವುದಕ್ಕೆ ಅಪ್ಪಣೆಯಾಗಲಿ ಬಂಡವಾಳವಾಗಲಿ ಬೇಕಿಲ್ಲ. ವಿಳಂಬ ಮಾಡಿದರೆ ಅವೂ ಉಳಿಯಲಾರವು.

ಬಾಗಳಿಯನ್ನು ನೋಡಲು ಹೋದವರು ಸಮಯವಿದ್ದರೆ ಚಿಗಟೇರಿಯ ಕಡೆಗೂ ಹೋಗಿ ಬರಬಹುದು. ಅಲ್ಲಿ ಕಾಣುವಂಥದೇನೂ ಇಲ್ಲ: ಜಾಲಿಯ ಪೊದೆ, ಕಲ್ಲುನೆಲ, ಮಳೆಗಾಲದಲ್ಲಿ ಹರಿದು ಬೇಸಗೆಯಲ್ಲಿ ಬತ್ತುವ ಹಳ್ಳ. ಕಲ್ಲೇಶ್ವರನ ಕಂಬವನ್ನು ಸವರಿದ ಕೈಯಿಂದಲೇ ಅಲ್ಲಿಯ ಒಂದು ಹಿಡಿ ಮರಳನ್ನೂ ಎತ್ತಿ ನೋಡಬೇಕು. ಹೊನ್ನು ಸಿಗುವುದಿಲ್ಲ. ಒಂದು ದಿನದ ಅನ್ನಕ್ಕಾಗಿ ಆ ಮರಳನ್ನು ಎಷ್ಟು ಸಲ ತೊಳೆಯಬೇಕಾಗಿತ್ತು ಎಂಬುದಾದರೂ ಮನಸ್ಸಿಗೆ ಬಂದೀತು.